ಪಾಯಿಂಟ್ ಯಾವುದಕ್ಕೆ ಬೀಳುತ್ತೆ?

ನಮಸ್ಕಾರ. ಪಿಯುಸಿ ಮುಗಿಸಿ ಡಿಗ್ರಿಗೆ ಪತ್ರಿಕೋದ್ಯಮ ತಗೊಳ್ಳೋಣ ಅಂತಿರೋ ಮಕ್ಕಳು, ಪಕ್ಕದಲ್ಲಿ ಕೂತು ಇದನ್ನ ಕೇಳಿಸ್ಕೊಳ್ತಿರೋ ಅವರ ಅಪ್ಪ ಅಮ್ಮ, ನಿಮ್ಮೆಲ್ಲರ ಹತ್ರ ಮಾತಾಡೋಕೆ ಬಂದಿದೀನಿ. ನಮ್ಮ ಕ್ಲಾಸಲ್ಲಿ ನ್ಯೂಸ್‌ಪೇಪರ್ ಓದಿಸ್ತೀವಿ, ವಿಡಿಯೋ ಗೇಮೂ ಆಡಿಸ್ತೀವಿ. ಪೇಪರ್ ಸರಿ ಮೇಡಂ, ಗೇಮ್ ಯಾಕೆ, ಮನೇಲೇ ಬಿಡ್ಸೋಕೆ ಆಗ್ತಿಲ್ಲ ಅಂತ ಪ್ರತಿ ವರ್ಷ ಅಡ್ಮಿಷನ್ ಟೈಮಲ್ಲಿ ಕೇಳ್ತಾರೆ. ಆ ಪ್ರಶ್ನೆ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾನು ಕೇಳೋ ಒಂದೇ ಒಂದು ಪ್ರಶ್ನೆ ನೆನಪಿಟ್ಕೊಳ್ಳಿ: ಇಲ್ಲಿ ಪಾಯಿಂಟ್ ಯಾವುದಕ್ಕೆ ಬೀಳುತ್ತೆ?

ಗೇಮಲ್ಲಿ ಇದು ಸುಲಭ. ಚೌಕಾಬಾರದಲ್ಲಿ ಎದುರಿನವರ ಕಾಯಿ ಕಡಿದ್ರೆ ಇನ್ನೊಂದ್ಸಲ ಕವಡೆ ಹಾಕೋಕೆ ಸಿಗುತ್ತೆ, ಅದಕ್ಕೇ ಎಲ್ರೂ ಕಡಿಯೋಕೆ ಕಾಯ್ತಿರ್ತಾರೆ. ಪಬ್‌ಜಿಯಲ್ಲಿ 100 ಜನ ಇಳೀತಾರೆ, ಸರ್ಕಲ್ ಚಿಕ್ಕದಾಗ್ತಾ ಬರುತ್ತೆ, ಕೊನೆಗೆ ಉಳಿದವರು ಗೆದ್ದಂಗೆ. ಅಲ್ಲಿ ಯಾರೂ ನಿಮಗೆ ಉಪದೇಶ ಮಾಡಲ್ಲ, ರೂಲ್ಸೇ ಹೇಳ್ಕೊಡುತ್ತೆ. ಗೇಮ್‌ಗಳ ಬಗ್ಗೆ ಅಧ್ಯಯನ ಮಾಡೋ ಅಮೆರಿಕದ ಇಯಾನ್ ಬೋಗೋಸ್ಟ್ 2007ರಲ್ಲಿ ಒಂದಿಡೀ ಪುಸ್ತಕ ಬರೆದು ವಾದಿಸಿದ್ದು ಇದನ್ನೇ.

ಪೇಪರಿಗೆ ಬನ್ನಿ, ಅದಕ್ಕೂ ಒಂದು ಗೇಮ್ ಮೂಲಕಾನೇ ಹೋಗೋಣ. ಲೂಕಸ್ ಪೋಪ್ ಅನ್ನೋರು 2012ರಲ್ಲಿ ಮಾಡಿದ ‘ದಿ ರಿಪಬ್ಲಿಯಾ ಟೈಮ್ಸ್’ ಅಂತ ಒಂದು ಪುಟ್ಟ ಗೇಮ್ ಇದೆ. ನೀವು ಪತ್ರಿಕೆ ಸಂಪಾದಕರು. ಹೆಂಡತಿ ಮಗು ಸರ್ಕಾರದ ವಶದಲ್ಲಿದಾರೆ. ಒಂದೊಂದೇ ಸುದ್ದಿ ಬರ್ತಾ ಇರುತ್ತೆ, ಯಾವುದನ್ನ ಮುಖಪುಟಕ್ಕೆ ಎಳೀಬೇಕು, ಎಷ್ಟು ದೊಡ್ಡದು ಮಾಡ್ಬೇಕು ಅಂತ ಗಡಿಯಾರ ಓಡ್ತಿರೋವಾಗ ನೀವೇ ತೀರ್ಮಾನ ಮಾಡ್ಬೇಕು. ದಿನದ ಕೊನೆಗೆ ಓದುಗರು ಎಷ್ಟು, ಸರ್ಕಾರದ ಮೇಲೆ ಜನರ ನಿಷ್ಠೆ ಎಷ್ಟು ಅಂತ ಲೆಕ್ಕ ಬರುತ್ತೆ. ನಮ್ಮ ಲ್ಯಾಬಲ್ಲಿ ಒಂದು ವರ್ಷ ಇದನ್ನ ಆಡಿಸಿದೆ. ಹಾವೇರಿ ಕಡೆಯ ಒಬ್ಬ ಹುಡುಗಿ ಇದ್ಲು, ಮಾತು ಕಮ್ಮಿ, ಮೊದಲ ದಿನ ನಿಜ ಅನ್ಸಿದ್ದನ್ನೆಲ್ಲ ದೊಡ್ಡದಾಗಿ ಹಾಕಿದ್ಲು, ನಿಷ್ಠೆ ಬಿತ್ತು, ಮೂರನೇ ದಿನದ ಹೊತ್ತಿಗೆ ಕೈ ತಾನಾಗೇ ಸರ್ಕಾರಕ್ಕೆ ಬೇಕಾದ ಸುದ್ದಿಯನ್ನೇ ಎಳೀತಾ ಇತ್ತು. ಅವಳು ಮೌಸ್ ಬಿಟ್ಟು ಸುಮ್ನೆ ಕೂತ್ಬಿಟ್ಲು. ನಾನೂ ಏನೂ ಹೇಳ್ಲಿಲ್ಲ.

ಆಮೇಲೆ ಎಲ್ರಿಗೂ ಆವತ್ತಿನ ನಿಜವಾದ ಪೇಪರ್ ಕೊಟ್ಟು ಸ್ಕೇಲ್ ಹಿಡಿದು ಅಳೀರಿ ಅಂದೆ. ಯಾವ ಸುದ್ದಿ ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್, ಪೇಪರ್ ಮಡಚೋ ಗೆರೆಯ ಮೇಲಿದೆಯಾ ಕೆಳಗಿದೆಯಾ. ಎಲ್ರೂ ಅಳೆದ್ರು. ಇವಳು ಮಾತ್ರ ಊರಿಗೆ ಫೋನ್ ಮಾಡಿ ಅದೇ ಪೇಪರ್ ಅದೇ ತಾರೀಖಿಂದು ಎತ್ತಿಡೋಕೆ ಹೇಳಿ, ಮುಂದಿನ ವಾರ ರೊಟ್ಟಿ ಗಂಟಿನ ಜೊತೆ ತಂದ್ಲು. ಎರಡನ್ನೂ ಬೆಂಚ್ ಮೇಲೆ ಹಾಸಿದ್ವಿ. ಅವರ ಜಿಲ್ಲೆಯ ಆವೃತ್ತೀಲಿ ಮಳೆಗೆ ಗೋವಿನಜೋಳ ಹಾಳಾದ ಸುದ್ದಿ ಮುಖಪುಟದಲ್ಲಿ ಮೂರು ಕಾಲಂ, ಫೋಟೋ ಸಮೇತ. ನಮ್ಮ ಊರಿಗೆ ಬಂದಿದ್ರಲ್ಲಿ ಎಲ್ಲೂ ಇಲ್ಲ, ಒಳಪುಟದಲ್ಲೂ ಇಲ್ಲ. “ಮೇಡಂ, ನಮ್ಮ ಕಡೆ ಮಳೀಗೆ ಪಾಯಿಂಟ್ ಐತ್ರಿ, ಇಲ್ಲಿ ಇಲ್ರಿ” ಅಂದ್ಲು. ಇಪ್ಪತ್ತು ವರ್ಷ ಪಾಠ ಮಾಡಿದೀನಿ, ಇಷ್ಟು ಚೆನ್ನಾಗಿ ನನಗೆ ಹೇಳೋಕೆ ಬಂದಿರಲಿಲ್ಲ. ಆ ಎರಡೂ ಪೇಪರ್ ಇವತ್ತಿಗೂ ನನ್ನ ಬೀರುವಲ್ಲಿದೆ. ಗೇಮ್ ಆಡದೇ ಇದ್ದಿದ್ರೆ ಅವಳಿಗೆ ಆ ಮಾತು ಹೊಳೀತಿತ್ತಾ? ಇಲ್ಲ ಅಂತ ನಾನು ಖಂಡಿತ ಹೇಳ್ತೀನಿ.

ಅದಕ್ಕೇ ಇವೆರಡನ್ನ ಒಟ್ಟಿಗೆ ಓದಿಸೋದು. ಪೇಪರೂ ಗೇಮೂ ಒಂದೇ ಪುಟದಲ್ಲಿ ಸಿಗ್ತಿದ್ದ ಜಾಗಾನೂ ಒಂದಿತ್ತು, ದುಡ್ಡು ಕಟ್ಟಿ ಆಡೋ ರಮ್ಮಿ ತರದ ಗೇಮ್‌ಗಳ ಜಾಹೀರಾತು. ಆರ್ಥಿಕ ಅಪಾಯ ಇದೆ, ಚಟ ಹತ್ತಬಹುದು ಅನ್ನೋ ಎಚ್ಚರಿಕೆ ಅಂಥ ಜಾಹೀರಾತಿನ ಜಾಗದಲ್ಲಿ ಶೇಕಡಾ 20ಕ್ಕಿಂತ ಕಮ್ಮಿ ಇರಬಾರ್ದು ಅಂತ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರೋ ಜಾಹೀರಾತು ಮಾನದಂಡ ಮಂಡಳಿಯ (ಎಎಸ್‌ಸಿಐ) ನಿಯಮ 2020ರ ಡಿಸೆಂಬರ್ 15ರಿಂದ ಬಂತು. 2025ರ ಆಗಸ್ಟಲ್ಲಿ ಸಂಸತ್ತು ಮಾಡಿದ ಕಾನೂನು ಆ ಗೇಮ್‌ಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧ ಮಾಡ್ತು. ಲೈಬ್ರರಿಗೆ ಹೋಗಿ 2021ರ ಹಳೇ ಪೇಪರ್ ತೆಗೀರಿ, ಎಚ್ಚರಿಕೆ ನಿಜವಾಗ್ಲೂ ಅಷ್ಟು ದೊಡ್ಡದಿತ್ತಾ ಅಳೀರಿ. ಅಲ್ಲೂ ಅದೇ ಪ್ರಶ್ನೆ, ಪಾಯಿಂಟ್ ಯಾವುದಕ್ಕೆ.

ಮಾಲೀಕತ್ವದ ಬಗ್ಗೆ, ಪ್ರಸಾರಸಂಖ್ಯೆ ಬಗ್ಗೆ ಬರ್ಕೊಂಡು ಬಂದಿದ್ದೆ, ಟೈಮ್ ಆಗೋಯ್ತು. ಒಂದು ಮಾತ್ರ ಹೇಳ್ತೀನಿ. ಪೇಪರಲ್ಲಿ ತೀರಾ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಅಂತ ಒಂದು ಸಾಲು ಇರುತ್ತೆ, ಸಾಮಾನ್ಯವಾಗಿ ಪುಟದ ಅಡಿಯಲ್ಲಿ. ಯಾರೂ ಓದಲ್ಲ. ನಾಳೆ ಬೆಳಿಗ್ಗೆ ಮೊದಲು ಅದನ್ನ ಹುಡುಕಿ ಓದಿ, ಆಮೇಲೆ ಸ್ಕೇಲ್ ತಗೊಳ್ಳಿ. ಬೇರೆ ಜಿಲ್ಲೇಲಿ ಅಜ್ಜಿ ಮನೆಯೋ ಅತ್ತೆ ಮನೆಯೋ ಇದ್ರೆ, ನಾಳೆ ಪೇಪರ್ ರದ್ದಿಗೆ ಹಾಕ್ಬೇಡಿ ಅಂತ ಇವತ್ತು ರಾತ್ರೀನೇ ಫೋನ್ ಮಾಡಿ. ನಮಸ್ಕಾರ.