ಸೈಕಲ್ ಅಂಗಡಿ ಬದುಕೋದು ಸ್ಪ್ಯಾನರ್ ಮೇಲೆ

ನಮಸ್ಕಾರ. ಊರಲ್ಲೊಂದು ಸಣ್ಣ ಸೈಕಲ್ ಅಂಗಡಿ ಇಡಬೇಕು ಅಂತ ಮನಸ್ಸು ಮಾಡಿರೋರಿಗೆ ಇವತ್ತಿನ ಮಾತು. ಬೆಂಗಳೂರಿನ ಗಾಜಿನ ಶೋರೂಂಗಳ ಲೆಕ್ಕವೇ ಬೇರೆ, ಅದನ್ನ ಇಲ್ಲಿ ಎತ್ತಲ್ಲ. ತಿಪಟೂರು, ಕಡೂರು, ಹಾವೇರಿಯಂಥ ಊರಲ್ಲಿ ಹೈಸ್ಕೂಲ್ ರಸ್ತೆಯಲ್ಲೋ ಬಸ್ ಸ್ಟ್ಯಾಂಡ್ ಹಿಂದೆಯೋ ಹತ್ತಡಿ ಮಳಿಗೆ ಹಿಡಿದು ಕೂರೋರ ಬಗ್ಗೆ ಮಾತಾಡ್ತೀನಿ.

ಬರೀ ಮಾರಾಟವನ್ನ ನಂಬಿ ಇಳೀಬೇಡಿ. ಇದ್ದಬದ್ದ ದುಡ್ಡನ್ನೆಲ್ಲ ಹೊಸ ಸೈಕಲ್ ಮೇಲೆ ಸುರಿದು, ಸಾಲಾಗಿ ನಿಲ್ಲಿಸಿ, ಗಿರಾಕಿ ಬರಲಿ ಅಂತ ಕಾಯೋರನ್ನ ತುಂಬಾ ನೋಡಿದೀನಿ. ಅದೇ ಮಾಡೆಲ್ ಫೋನಲ್ಲಿ ಎಷ್ಟಕ್ಕೆ ಸಿಗುತ್ತೆ ಅಂತ ನೋಡ್ಕೊಂಡೇ ಜನ ಒಳಗೆ ಬರ್ತಾರೆ. ನೀವು ಬೆಲೆ ಇಳಿಸ್ತಾ ಹೋದಷ್ಟೂ ಲಾಭ ತೆಳ್ಳಗಾಗುತ್ತೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳೀತು. ಒಳ್ಳೇದೇ ಆಯ್ತು, ಆದ್ರೆ ಅದು ಎಲ್ಲ ಮಾರಾಟಗಾರರಿಗೂ ಇಳಿದಿದೆ, ನಿಮಗೊಬ್ಬರಿಗೇ ಅಲ್ಲ. ಮಾರಾಟಕ್ಕೆ ಕಾಲ ಬೇರೆ ಬರಬೇಕು. ಶಾಲೆ ಶುರುವಾಗೋ ಮೇ ಕೊನೆ, ಜೂನ್‌ನಲ್ಲಿ ಓಡುತ್ತೆ, ಆಮೇಲೆ ಹಬ್ಬದ ಹೊತ್ತಿಗೆ ಅಷ್ಟಿಷ್ಟು. ಮಳಿಗೆ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು.

ಆ ಹನ್ನೆರಡು ತಿಂಗಳು ಅಂಗಡಿಗೆ ಅನ್ನ ಹಾಕೋದು ರಿಪೇರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಸುಮಾರು ಅರ್ಧದಷ್ಟು ಮನೆಗಳಲ್ಲಿ ಸೈಕಲ್ ಇದೆ. ಅದರಲ್ಲಿ ಎಷ್ಟೋ ಸೈಕಲ್‌ಗಳು ಬರೀ ಒಂದು ಟ್ಯೂಬ್ ಇಲ್ಲದೆ, ಒಂದು ಬ್ರೇಕ್ ಕೇಬಲ್ ಇಲ್ಲದೆ ಗೋಡೆಗೆ ಒರಗಿ ನಿಂತಿವೆ. ನಿಮ್ಮ ಗಿರಾಕಿಗಳು ಅಲ್ಲಿದ್ದಾರೆ.

ಇನ್ನೊಂದು ಕಡೆಯಿಂದಲೂ ಕೆಲಸ ಬರ್ತಿದೆ. ಆನ್‌ಲೈನ್‌ನಲ್ಲಿ ತರಿಸಿದ ಸೈಕಲ್ ಪೂರ್ತಿ ಜೋಡಣೆ ಆಗದೆ ಡಬ್ಬದಲ್ಲಿ ಬರುತ್ತೆ. ಮನೆಯಲ್ಲಿ ಅಪ್ಪ ಮಗ ಕೂತು ಜೋಡಿಸ್ತಾರೆ. ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತೆ ಅನ್ನೋದು ಗೊತ್ತಿರಲ್ಲ, ಬಲವಂತವಾಗಿ ತಿರುಗಿಸಿ, ಪೆಡಲ್ ಕೂರೋ ಕ್ರ್ಯಾಂಕ್‌ನ ಥ್ರೆಡ್ಡೇ ಕಿತ್ತು ಹೋಗಿರುತ್ತೆ. ಮುಂದಿನ ಚಕ್ರ ಹಿಡಿಯೋ ಫೋರ್ಕ್ ಹಿಂದುಮುಂದಾಗಿ ಕೂತಿರುತ್ತೆ, ಮುಂದಿನ ಬ್ರೇಕ್ ಫ್ರೇಮ್ ಕಡೆ ಮುಖ ಮಾಡಿರುತ್ತೆ. ಅಂಥ ಸೈಕಲ್ ಮೇಲೆ ಮಗು ರಸ್ತೆಗೆ ಇಳಿಯೋದನ್ನ ನೋಡಿದ್ರೆ ನನಗೆ ನಿಜವಾಗ್ಲೂ ಭಯ ಆಗುತ್ತೆ. "ಆನ್‌ಲೈನ್‌ನಲ್ಲಿ ತಗೊಂಡಿದ್ದಲ್ವಾ, ಅಲ್ಲೇ ಮಾಡಿಸ್ಕೊಳಿ" ಅಂತ ವಾಪಸ್ ಕಳಿಸೋ ಅಂಗಡಿಗಳಿವೆ. ಅದು ತಪ್ಪು ಅಂತ ಗಟ್ಟಿಯಾಗಿ ಹೇಳ್ತೀನಿ. ಒಳಗೆ ಕರೀರಿ, ಬಿಚ್ಚಿ ಸರಿಯಾಗಿ ಕಟ್ಟಿ, ಪೂರ್ತಿ ಕೂಲಿ ತಗೊಳ್ಳಿ. ಆ ಮನೆಯವರು ಮುಂದಿನ ಸಲ ಟೈರಿಗೂ ನಿಮ್ಮ ಹತ್ರಾನೇ ಬರ್ತಾರೆ.

ಸೈಕಲ್ ಕಟ್ಟೋ ಕೆಲಸ ಹೊರಗಿನವರಿಗೆ ನಟ್ಟು ಬೋಲ್ಟು ಬಿಗಿಯೋ ಕೆಲಸ ಅನ್ಸುತ್ತೆ. ಅಷ್ಟೇ ಅಲ್ಲ ಅದು. ಚಕ್ರದ ನಡುವಿನ ಹಬ್ಬಿನಲ್ಲಿ ಬೇರಿಂಗ್ ಬಾಲ್‌ಗಳನ್ನ ಹಿಡಿಯೋ ಕೋನನ್ನೇ ತಗೊಳ್ಳಿ. ಒಂಚೂರು ಬಿಗಿ ಜಾಸ್ತಿ ಆದ್ರೆ ಬಾಲ್‌ಗಳು ಕೋನನ್ನ ತಿಂದು ಗುಳಿ ಬೀಳಿಸ್ತವೆ, ಸಡಿಲ ಬಿಟ್ರೆ ಚಕ್ರ ಆಟ ಆಡುತ್ತೆ. ಎರಡರ ನಡುವಿನ ಹದ ಬೆರಳಿಗೆ ಗೊತ್ತಾಗ್ಬೇಕು. ಇನ್ನು ಬೆಂಡ್ ತೆಗೆಯೋದು, ಅಂದ್ರೆ ವಾಲಿದ ಚಕ್ರವನ್ನ ನೇರ ಮಾಡೋದು. ನಮ್ಮ ಹಳೇ ಕರೀ ಸೈಕಲ್‌ಗೆ ಮುಂದೆ 32 ಕಡ್ಡಿ, ಹಿಂದೆ 40. ರಿಮ್ ಎಡಕ್ಕೆ ವಾಲಿದ್ರೆ ಅಲ್ಲಿ ಬಲಗಡೆ ಕಡ್ಡಿಯ ತುದಿಯ ನಟ್ಟು, ಅಂದ್ರೆ ನಿಪ್ಪಲ್, ಬಿಗಿ ಮಾಡ್ಬೇಕು, ಎಡಗಡೆಯದನ್ನ ಅಷ್ಟೇ ಸಡಿಲ ಬಿಡ್ಬೇಕು, ಅದೂ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಅವಸರಪಟ್ಟು ಒಂದೇ ಕಡೆ ಬಿಗೀತಾ ಹೋದ್ರೆ ಚಕ್ರ ಮೊಟ್ಟೆ ಆಕಾರಕ್ಕೆ ಹೋಗುತ್ತೆ. ಪಳಗಿದ ಮಿಸ್ತ್ರಿ ಕಡ್ಡಿಗಳನ್ನ ಬೆರಳಲ್ಲಿ ಮೀಟಿ, ಒಂದೇ ಕಡೆಯ ಕಡ್ಡಿಗಳ ನಾದ ಹೆಚ್ಚೂಕಡಿಮೆ ಒಂದೇ ಇದೆಯಾ ಅಂತ ಕಿವಿ ಕೊಟ್ಟು ಕೇಳ್ತಾನೆ. ವಿಡಿಯೋ ನೋಡಿದ್ರೆ ಕ್ರಮ ತಿಳಿಯುತ್ತೆ, ಹದ ಮಾತ್ರ ಕೈಗೆ ಹತ್ತಲ್ಲ. ಅದಕ್ಕೇ ಮಳಿಗೆಗೆ ಅಡ್ವಾನ್ಸ್ ಕೊಡೋಕ್ಕಿಂತ ಮುಂಚೆ ಯಾರಾದ್ರೂ ಹಿರಿಯ ಮಿಸ್ತ್ರಿ ಪಕ್ಕ ಹೋಗಿ ಕೂತ್ಕೊಳ್ಳಿ. ಒಂದು ಮಳೆಗಾಲ ಪೂರ್ತಿ ಕೂರಿ, ಯಾಕಂದ್ರೆ ನೀರು ಇಳಿದ ಬೇರಿಂಗು, ತುಕ್ಕು ಹಿಡಿದ ಚೈನು ಎಲ್ಲಾ ಆವಾಗಲೇ ಬರೋದು. ಅವರು ನಿಮಗೆ ಸಂಬಳ ಕೊಡದಿದ್ರೂ ಪರವಾಗಿಲ್ಲ, ನೀವೇ ಗುರುದಕ್ಷಿಣೆ ಕೊಡಿ.

ಕೂಲಿ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ನಮ್ಮ ಅಂಗಡಿಗಳವರು ಸಾಮಾನಿಗೆ ದುಡ್ಡು ತಗೊಂಡು ಕೆಲಸವನ್ನ ಪುಕ್ಕಟೆ ಮಾಡಿಕೊಡೋ ಅಭ್ಯಾಸ ಮಾಡ್ಕೊಂಡು ಬಂದ್ರು. ಬ್ರೇಕ್ ರಬ್ಬರ್ ತಗೊಂಡ್ರೆ ಹಾಕಿಕೊಡೋದು ಫ್ರೀ, ಟ್ಯೂಬ್ ತಗೊಂಡ್ರೆ ಏರಿಸೋದು ಫ್ರೀ. ಈಗ ಸಾಮಾನಿನ ಬೆಲೆ ಎಲ್ಲರ ಫೋನಲ್ಲೂ ಇದೆ, ಅಲ್ಲಿ ಉಳಿಯೋದು ಏನೂ ಇಲ್ಲ. ಕೊರಿಯರ್‌ನಲ್ಲಿ ಬರದೇ ಇರೋದು ಅಂದ್ರೆ ನಿಮ್ಮ ಕೈಕೆಲಸ ಒಂದೇ, ಅದನ್ನೇ ದಾನ ಮಾಡಿದ್ರೆ ಬಾಡಿಗೆ ಎಲ್ಲಿಂದ ಕಟ್ತೀರಿ? ಪಂಕ್ಚರ್ ಇಷ್ಟು, ಬೆಂಡ್ ಇಷ್ಟು, ಪೂರ್ತಿ ಬಿಚ್ಚಿ ಕಟ್ಟೋ ಓವರಾಲ್ ಇಷ್ಟು ಅಂತ ದಪ್ಪ ಅಕ್ಷರದಲ್ಲಿ ಬೋರ್ಡ್ ಬರೆಸಿ ಹಾಕಿ. ಚೌಕಾಸಿ ಮಾಡೋರು ಮಾಡ್ತಾರೆ, ಮಾಡ್ಲಿ. ಬಿಚ್ಚಿದ ಹಳೇ ಕೋನು, ಹಿಂದಿನ ಚಕ್ರದ ಸವೆದ ಫ್ರೀವೀಲ್ ಹಲ್ಲು ಕೈಗೆ ಕೊಟ್ಟು ತೋರ್ಸಿ. ಗಾಳಿ ಹೊಡೆಯೋದಕ್ಕೆ ಮಾತ್ರ ಮಕ್ಕಳ ಹತ್ರ ದುಡ್ಡು ಕೇಳ್ಬೇಡಿ. ಅಷ್ಟು ಸಣ್ಣ ವಯಸ್ಸಲ್ಲಿ ನಿಮ್ಮ ಅಂಗಡಿ ಮುಂದೆ ನಿಲ್ಲೋಕೆ ಕಲೀಲಿ.

ಸ್ಟಾಕ್ ಬಗ್ಗೆ ಹೆಚ್ಚು ಹೇಳಲ್ಲ. 28, 26, 24, 20 ಇಂಚಿನ ಟ್ಯೂಬು, ಹಳೇ ಸೈಕಲ್ ವಾಲ್ವು, ಬೈಕ್ ಥರದ ವಾಲ್ವು ಎರಡೂ ಬಗೆಯವು, ಜೊತೆಗೆ ಬ್ರೇಕ್ ರಬ್ಬರು, ಕೇಬಲ್ಲು, ಬಾಲು, ಕೋನು, ಚೈನು, ಫ್ರೀವೀಲು ಯಾವತ್ತೂ ಇರ್ಬೇಕು. ಸಣ್ಣ ಸಾಮಾನು ಇಲ್ಲ ಅಂತ ಎರಡು ಸಲ ಹೇಳಿದ್ರೆ ಮೂರನೇ ಸಲ ಅವರು ಬರಲ್ಲ.

ಸೈಕಲ್ ಮಾರುವಾಗ ಒಂದು ವಿಷಯದಲ್ಲಿ ಹಟ ಹಿಡೀರಿ. "ಮಗು ಬೆಳೆಯುತ್ತೆ, ಒಂದು ಸೈಜ್ ದೊಡ್ಡದೇ ಕೊಡಿ" ಅಂತಾರೆ. ಬಟ್ಟೆ ವಿಷಯದಲ್ಲಿ ಈ ಲೆಕ್ಕ ನಡೆಯುತ್ತೆ. ಕಾಲು ನೆಲಕ್ಕೆ ಎಟುಕದ, ಬ್ರೇಕ್ ಲಿವರ್ ಬೆರಳಿಗೆ ಸಿಗದ ಸೈಕಲ್‌ನಲ್ಲಿ ಮಗು ಒಂದೆರಡು ಸಲ ಬಿದ್ರೆ ಮತ್ತೆ ಅದನ್ನ ಮುಟ್ಟಲ್ಲ. ಮಗುವನ್ನ ಕರ್ಕೊಂಡು ಬನ್ನಿ, ಕೂರಿಸಿ ನೋಡಿ ಕೊಡ್ತೀನಿ ಅನ್ನಿ. ಆ ವ್ಯಾಪಾರ ಅವತ್ತು ಕೈಬಿಟ್ಟು ಹೋದ್ರೆ ಹೋಗ್ಲಿ.

ಕೊನೇದಾಗಿ ಸರ್ಕಾರಕ್ಕೆ ಸಂಬಂಧಪಟ್ಟ ಮಾತು. 2006–07ರಲ್ಲಿ ಕರ್ನಾಟಕದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಬಂತು. ಹಳ್ಳಿಯಿಂದ ಹೈಸ್ಕೂಲಿಗೆ ಹೋಗೋ ಹೆಣ್ಣುಮಕ್ಕಳ ಪಾಲಿಗೆ ಅದು ಎಂಥ ದೊಡ್ಡ ವಿಷಯ ಅನ್ನೋದು ಆ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಕೋವಿಡ್ ಹೊತ್ತಿಗೆ ವಿತರಣೆ ನಿಂತುಹೋಯ್ತು. ನಡೀತಿದ್ದಾಗಲೂ ಗುಣಮಟ್ಟದ ಬಗ್ಗೆ ದೂರುಗಳು ಬಂದಿದ್ವು. ಟೆಂಡರ್‌ನಲ್ಲಿ ಸೈಕಲ್ ಬರೋದು, ಹಂಚೋದು, ಫೋಟೋ ತೆಗೆಯೋದು. ಆರು ತಿಂಗಳಾದ ಮೇಲೆ ಕಡ್ಡಿ ಮುರಿದ್ರೆ ಆ ಹುಡುಗಿ ಯಾರನ್ನ ಕೇಳ್ಬೇಕು? ಯೋಜನೆ ಮತ್ತೆ ಬರಬೇಕು ಅಂತ ಕೇಳೋರಲ್ಲಿ ನಾನೂ ಒಬ್ಬ. ಬರುವಾಗ ಪ್ರತಿ ಸೈಕಲ್ ಜೊತೆ ವರ್ಷಕ್ಕೆ ಎರಡು ಸರ್ವಿಸ್‌ಗೆ ಕೂಪನ್ ಇರಲಿ, ಅದು ಊರಿನ ರಿಪೇರಿ ಅಂಗಡಿಯಲ್ಲೇ ನಡೀಲಿ, ಅಂಗಡಿಯವನಿಗೆ ತಿಂಗಳೊಳಗೆ ದುಡ್ಡು ಸೇರ್ಲಿ. ನಿಮ್ಮ ಶಾಲೆಯ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಸಭೆಯಲ್ಲಿ ಇದನ್ನ ಎತ್ತಿ, ಶಾಸಕರು ಊರಿಗೆ ಬಂದಾಗ ಕೇಳಿ. ಅಂಗಡಿ ಇಡೋಕೆ ಹೊರಟಿರೋರು ಎಲ್ಲರಿಗಿಂತ ಮೊದಲು ಕೇಳಿ.