ಆರೋಗ್ಯ ಕೇಂದ್ರ ಎಲ್ಲಿರಬೇಕೆಂದು ಯಾರು ತೀರ್ಮಾನಿಸುತ್ತಾರೆ?

ನಮಸ್ಕಾರ. "ವೈದ್ಯಕೀಯ ಸೀಟು ಸಿಗಲಿಲ್ಲ. ಆದರೂ ಜನರ ಆರೋಗ್ಯಕ್ಕಾಗಿಯೇ ದುಡಿಯುವ ಆಸೆ. ದಾರಿ ಇದೆಯೇ?" ವೀಕ್ಷಕರೊಬ್ಬರ ಪ್ರಶ್ನೆ ಇದು. ಇದೆ, ಸಾರ್ವಜನಿಕ ಆರೋಗ್ಯ ನೀತಿಯ ಕ್ಷೇತ್ರ. ವೈದ್ಯರು ಎದುರಿಗೆ ಕುಳಿತ ರೋಗಿಯನ್ನು ನೋಡುತ್ತಾರೆ. ಆಸ್ಪತ್ರೆಯವರೆಗೆ ಬರಲಾಗದೆ ಉಳಿದವರು ಯಾರು, ಏಕೆ ಉಳಿದರು ಎಂದು ನೀತಿಯ ಕೆಲಸದವರು ಹುಡುಕುತ್ತಾರೆ. ಪೀಠಿಕೆ ಇಷ್ಟು ಸಾಕು.

[ಪರದೆಯ ಮೇಲೆ: 30,000 – 20,000]

ಈ ಎರಡು ಅಂಕಿ ನೋಡಿ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೇ ಒಂದು. ಇದು ನಮ್ಮ ದೇಶದ ಮಾನದಂಡ. ಕಷ್ಟ ಹೆಚ್ಚಿರುವ ಕಡೆ ಅಳತೆಯನ್ನೇ ಬದಲಿಸಿದ್ದಾರೆ. ಸಮಾನತೆ ಕಾಗದಕ್ಕೆ ಇಳಿಯುವುದು ಹೀಗೆ.

ಆದರೆ ಅದೂ ಸಾಲದು. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಯನ್ನು ನೀವೂ ಓದಿರುತ್ತೀರಿ. ಗಳುವಿಗೆ ಬಟ್ಟೆ ಕಟ್ಟಿ, ಅದರೊಳಗೆ ಗರ್ಭಿಣಿಯನ್ನು ಮಲಗಿಸಿ, ಎರಡೂ ತುದಿಗೆ ಹೆಗಲು ಕೊಟ್ಟು ಆನೆ ಓಡಾಡುವ ದಾರಿಯಲ್ಲಿ ನಡೆಯುವುದು. ಅಲ್ಲೊಂದು ಇಲ್ಲೊಂದು ಪುಟ್ಟ ಊರಿರುವ ಕಾಡಿನಲ್ಲಿ 20,000 ತಲೆ ಸೇರಿಸಲು ಎಷ್ಟು ಬೆಟ್ಟ ಸುತ್ತಬೇಕು? ಆ ತಾಯಿಗೆ ಬೇಕಾದದ್ದು ಒಂದೇ ಲೆಕ್ಕ: ತಲುಪಲು ಎಷ್ಟು ಹೊತ್ತು?

ಈ ಲೆಕ್ಕವೂ ನೀತಿಯೊಳಗೆ ಬಂದಿದೆ ಎಂಬುದೇ ನನಗೆ ಅತ್ಯಂತ ಖುಷಿ ಕೊಟ್ಟ ಸಂಗತಿ. ರಾಷ್ಟ್ರೀಯ ಆರೋಗ್ಯ ಅಭಿಯಾನವು ಗುಡ್ಡಗಾಡು ರಾಜ್ಯಗಳ ಆಯ್ದ ಜಿಲ್ಲೆಗಳಿಗೆ ಮತ್ತು ಮರುಭೂಮಿ ಪ್ರದೇಶಗಳಿಗೆ ಬೇರೆಯದೇ ಅಳತೆ ತಂದಿತು: ಜನವಸತಿಯಿಂದ 30 ನಿಮಿಷದ ನಡಿಗೆಯೊಳಗೆ ಉಪಕೇಂದ್ರ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಿಂತ ಚಿಕ್ಕ ಕೇಂದ್ರ. ತಲೆ ಎಣಿಸುವ ಬದಲು ಹೆಜ್ಜೆ ಎಣಿಸಿದರು! ಇಂಥ ಒಂದು ಸಾಲು ಬರೆಸುವುದು ಶಸ್ತ್ರಚಿಕಿತ್ಸೆಯಷ್ಟೇ ಜೀವ ಉಳಿಸುವ ಕೆಲಸ ಎಂದು ನಾನು ನಂಬಿದ್ದೇನೆ. ನಮ್ಮ ಬೆಟ್ಟಗಳಿಗೂ ಅದೇ ಅಳತೆ ಬೇಕು.

ಬರೆಸುವವರು ಯಾರು? ಡಾ. ಎಚ್. ಸುದರ್ಶನ್ ಅವರನ್ನೇ ನೋಡಿ. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಸೋಲಿಗರ ನಡುವೆ ದುಡಿದವರು, ಮುಂದೆ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದರು. 2001ರ ಅವರ ವರದಿಯ ಶೀರ್ಷಿಕೆಯಲ್ಲೇ ಸಮಾನತೆ ಇದೆ. ಮರುವರ್ಷ, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು. ರಾಜ್ಯದ ಸರಾಸರಿಯನ್ನು ಒಡೆದು ತಾಲ್ಲೂಕಿಗೆ ಇಳಿಯದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಸಮಾಜಕಾರ್ಯ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದವರಿಗೂ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಹಲವು ಸಂಸ್ಥೆಗಳಲ್ಲಿ ಪ್ರವೇಶವಿದೆ. ಕೆಲಸ ಸಿಗುವುದು ಸರ್ಕಾರಿ ಕಾರ್ಯಕ್ರಮಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ. ಗುತ್ತಿಗೆ ಹುದ್ದೆಗಳು ಬಹಳ, ಅದನ್ನು ತಿಳಿದೇ ಬನ್ನಿ. ಸೇರುವ ಮೊದಲು ಒಬ್ಬ ಆಶಾ ಕಾರ್ಯಕರ್ತೆಯೊಂದಿಗೆ ಒಂದು ದಿನ ಮನೆ ಮನೆ ಸುತ್ತಿ. ಯಾವ ಮನೆಯ ಬಾಗಿಲು ಅವರ ಪಟ್ಟಿಯಲ್ಲಿಲ್ಲ ಎಂದು ಕೇಳಿ, ಉತ್ತರವನ್ನು ಕಾಮೆಂಟಿನಲ್ಲಿ ಬರೆಯಿರಿ.