ಈಮ್ ಊರಿನ ತೂತು ಕಲ್ಲು

ಇದು ಈಮ್. ಬೋರ್ಡ್ ನೋಡಿದರೆ ಎಯಾಮ್ ಅಂತ ಓದಬೇಕು ಅನ್ನಿಸುತ್ತದೆ, ಇಲ್ಲಿನವರು ಈಮ್ ಅಂತಲೇ ಕರೆಯೋದು. ಇಂಗ್ಲೆಂಡಿನ ಡರ್ಬಿಶೈರ್, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವೆ ಇದೆ. ಬೂದು ಕಲ್ಲಿನ ಮನೆಗಳು, ಆಚೆ ಕುರಿಗಳು. ಚೆಂದ ಅಲ್ವಾ?

ಬಂದ ಕೂಡಲೇ ಪಾರ್ಕಿಂಗ್ ಮೆಷಿನ್ ಹತ್ತಿರ ಇಪ್ಪತ್ತು ನಿಮಿಷ ಹೋಯಿತು. ಕಾರ್ಡ್ ತಗೊಳ್ಳಲ್ಲ, ಆ್ಯಪ್‌ಗೆ ನೆಟ್‌ವರ್ಕ್ ಇಲ್ಲ, ಚಿಲ್ಲರೆಯೇ ಬೇಕು. ನನ್ನ ಹತ್ತಿರ ಇದ್ದಿದ್ದು ಒಂದೇ ನೋಟು. ಬೇಡದ ಟೀ ಕುಡಿದು ಚಿಲ್ಲರೆ ಮಾಡಿಸಿಕೊಂಡು ಬಂದೆ. ಒಂದು ಪೌಂಡ್ ಹಾಕಿದರೆ ಕೆಳಗಿನಿಂದ ಟಣ್ ಅಂತ ವಾಪಸ್. ಒರೆಸಿ ಹಾಕಿದೆ, ಮತ್ತೆ ಟಣ್! ಬೇರೆ ನಾಣ್ಯ ಹಾಕಿದ ಮೇಲೆ ಟಿಕೆಟ್ ಬಂತು. ದೂರದಿಂದ ಬಂದವರನ್ನ ಹೀಗೆ ಸತಾಯಿಸಬಾರದು, ನಿಜವಾಗಲೂ ಬೇಜಾರಾಯಿತು. ನಮ್ಮಲ್ಲಿ ಎಳನೀರಿನವರ ಹತ್ತಿರವೂ ಫೋನಲ್ಲಿ ದುಡ್ಡು ಹಾಕಬಹುದು... ಸರಿ ಸರಿ, ಈ ಊರಲ್ಲಿ ಪ್ಲೇಗ್ ಶುರುವಾದ ಆ ಮನೆ ಬಂದೇ ಬಿಡ್ತು, ನೋಡಿ.

1665ರಲ್ಲಿ ಇಲ್ಲಿದ್ದ ದರ್ಜಿಗೆ ಲಂಡನ್‌ನಿಂದ ಬಟ್ಟೆ ಗಂಟು ಬಂತು. ಒದ್ದೆಯಾಗಿತ್ತಂತೆ, ಬೆಂಕಿ ಮುಂದೆ ಹರಡಿದರಂತೆ. ಅದರಲ್ಲಿ ಪ್ಲೇಗಿನ ಚಿಗಟ ಇದ್ದವು ಅಂತ ಹೇಳುತ್ತಾರೆ. ಆ ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಸೆಪ್ಟೆಂಬರ್ 7ಕ್ಕೆ ತೀರಿಕೊಂಡ. ಆಮೇಲೆ ಮನೆ ಮನೆಗೂ ಹಬ್ಬಿತು.

1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಅವರಿಗಿಂತ ಮುಂಚೆ ಇದ್ದ ಥಾಮಸ್ ಸ್ಟ್ಯಾನ್ಲಿ ಸೇರಿ ಜನರನ್ನ ಒಪ್ಪಿಸಿದರು. ಯಾರೂ ಊರು ಬಿಡಬಾರದು, ಅಕ್ಕಪಕ್ಕದ ಊರಿಗೆ ರೋಗ ಹೋಗಬಾರದು. ನಮ್ಮ ಕಡೆ ಇದಕ್ಕೆ ಪೂರ್ತಿ ಉಲ್ಟಾ. ಇಲಿ ಸತ್ತು ಬಿದ್ದರೆ ಊರೇ ಖಾಲಿ, ಹೊಲದಲ್ಲಿ ಗುಡಿಸಲು ಹಾಕೋರು ಅಂತ ಅಜ್ಜಿ ಹೇಳೋರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೇ ಅಲ್ವಾ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು? ಇಲ್ಲೂ ಜನ ಗುಡ್ಡಕ್ಕೆ ಹೋಗಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಮಾಂಪೆಸನ್ ತಮ್ಮ ಮಕ್ಕಳನ್ನ ಮೊದಲೇ ಬೇರೆ ಕಡೆ ಕಳಿಸಿದ್ದರು. ಅದು ನನಗೆ ತಪ್ಪು ಅನ್ನಿಸಿತು.

ಚರ್ಚ್ ಅಂಗಳಕ್ಕೆ ಬರುವವರೆಗೆ. ಇದು ಅವರ ಹೆಂಡತಿ ಕ್ಯಾಥರೀನ್ ಗೋರಿ. ಮಕ್ಕಳ ಜೊತೆ ಹೋಗಬಹುದಿತ್ತು, ಗಂಡನ ಜೊತೆ ಇಲ್ಲೇ ಉಳಿದರು. ಆಗಸ್ಟ್‌ನಲ್ಲಿ ಅವರೂ ತೀರಿಕೊಂಡರು. ಮಕ್ಕಳನ್ನಾದರೂ ಉಳಿಸಿಕೊಂಡರಲ್ಲ, ಒಳ್ಳೆಯದಾಯಿತು ಅನ್ನಿಸುತ್ತಿದೆ ಈಗ. ನವೆಂಬರ್‌ಗೆ ರೋಗ ನಿಂತಾಗ ಸುಮಾರು 260 ಜನ ಸತ್ತಿದ್ದರು. ಎಲಿಜಬೆತ್ ಹ್ಯಾನ್‌ಕಾಕ್ ಅನ್ನೋ ತಾಯಿ ಎಂಟೇ ದಿನದಲ್ಲಿ ಗಂಡನನ್ನ, ಆರು ಮಕ್ಕಳನ್ನ ತಾನೇ ಹೂತಳು.

ಈ ಗದ್ದೆ ದಾರಿ ಪಕ್ಕದ ಊರು ಸ್ಟೋನಿ ಮಿಡಲ್ಟನ್ ಕಡೆಗೆ. ನಾನು ನೋಡಬೇಕು ಅಂತ ಬಂದಿದ್ದು ಈ ಕಲ್ಲನ್ನೇ. ಹತ್ತಿರ ಬನ್ನಿ. ಮೇಲೆ ತೂತುಗಳು ಕಾಣುತ್ತಿವೆಯಾ? ಈಮ್‌ನವರು ಇದರಲ್ಲಿ ವಿನೆಗರ್ ಹುಯ್ದು ನಾಣ್ಯ ಮುಳುಗಿಸಿ ಇಡುತ್ತಿದ್ದರು, ದುಡ್ಡಿಗೆ ಅಂಟಿದ ರೋಗ ಹೋಗಲಿ ಅಂತ. ಆಚೆಯವರು ಊಟ, ಔಷಧಿ ಇಟ್ಟು ದುಡ್ಡು ತಗೊಂಡು ಹೋಗೋರು. ಮುಖ ನೋಡುವ ಹಾಗಿಲ್ಲ.

ಅಂಚು ಎಷ್ಟು ನುಣುಪು ಗೊತ್ತಾ, ಒರಳು ಸವೆದ ಹಾಗೆ. ಒಳಗೆ ಮಳೆ ನೀರು, ಒಂದಿಷ್ಟು ಪಾಚಿ. ಮೆಷಿನ್ ವಾಪಸ್ ಕೊಟ್ಟ ಆ ಪೌಂಡ್ ಜೇಬಲ್ಲೇ ಇತ್ತು. ಒಂದು ತೂತಿಗೆ ಇಳಿಸಿ ನೋಡಿದೆ, ನೀರೊಳಗೆ ಸರಿಯಾಗಿ ಕೂತಿತು. ತೆಗೆಯೋಕೆ ಎರಡು ಬೆರಳು ಹಾಕಬೇಕಾಯಿತು. ನೀರು ಕೊರೆಯುವಷ್ಟು ತಣ್ಣಗಿತ್ತು.